ಸೀಟು ದೊರೆತೀತೇ? – ಒಂದು ಅಂದಾಜಿನ ಪಾಠ

ಪರೀಕ್ಷೆಗೆ ಮೊದಲೇ ಫಲಿತಾಂಶವನ್ನು ಊಹಿಸುವುದು ವಿದ್ಯಾರ್ಥಿಗಳಾದ ನಮ್ಮೆಲ್ಲರ ಹಳೆಯ ಚಟ. ಅಂತಿಮ ಬಿ.ಎ. ತರಗತಿಗೆ ಬಂದ ಮೇಲೆ ಈ ಚಟವು ನನಗೆ ಚಿಂತೆಯಾಗಿ ಪರಿಣಮಿಸಿತು. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಓದಬೇಕೆಂಬುದು ನನ್ನ ಆಸೆ. ಔರಾದ ತಾಲ್ಲೂಕಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಬಲ್ಲವರಿಲ್ಲ. ಇತ್ತ ಸೋದರಮಾವನವರು ಪರವೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಗೊತ್ತುಮಾಡಿ, ಯುಗಾದಿಯೊಳಗೆ ಉತ್ತರ ಬೇಕೆಂದು ಹೇಳಿ ಹೋಗಿದ್ದರು. ತಂದೆಯವರು ಕೇಳಿದ್ದು ಒಂದೇ ಮಾತು: “ಸೀಟು ಸಿಗ್ತದೋ ಇಲ್ಲೋ, ಖರೇ ಹೇಳು ತಮ್ಮಾ.”

ಆ ಪ್ರಶ್ನೆಗೆ ‘ಸಿಗುತ್ತದೆ’ ಎಂದರೆ ಆಸೆಯ ಮಾತು, ‘ಸಿಗುವುದಿಲ್ಲ’ ಎಂದರೆ ಅಂಜಿಕೆಯ ಮಾತು. ಎರಡನ್ನೂ ಬದಿಗಿರಿಸಿ ಲೆಕ್ಕ ಹಾಕಲು ಕುಳಿತೆನು. ಆಗ ನಾನು ಕಲಿತುದನ್ನು, ಮುಂದಿನ ವರ್ಷ ಇದೇ ಬೆಂಚುಗಳ ಮೇಲೆ ಕೂಡಲಿರುವ ಸೋದರ ಸೋದರಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಗುರುಗಳು ತಪ್ಪು ಕಂಡಲ್ಲಿ ತಿದ್ದಬೇಕೆಂದು ಪ್ರಾರ್ಥನೆ.

ಉನ್ನತ ವಿದ್ಯೆಗಾಗಿ ಊರು ಬಿಡುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಒಂದು ಕಾಲಕ್ಕೆ ವಿದ್ವಾಂಸರೇ ಬೀದರಿಗೆ ಬರುತ್ತಿದ್ದರು. 1472ರಲ್ಲಿ ಕಟ್ಟಿ ಮುಗಿದ ಮಹಮೂದ ಗವಾನನ ಮದರಸಾ ಅದಕ್ಕೆ ಇಂದಿಗೂ ಸಾಕ್ಷಿ. ನಿಜಾಮರ ಕಾಲದಲ್ಲಿ ನಮ್ಮವರು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾದ ಕಡೆ ಮುಖ ಮಾಡಿದರು. 1956ರ ಏಕೀಕರಣದ ತರುವಾಯ ದೂರದ ಧಾರವಾಡವು ನಮ್ಮವರ ವಿಶ್ವವಿದ್ಯಾಲಯವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯ – ಹೀಗೆ ಬಾಗಿಲುಗಳು ಒಂದೊಂದಾಗಿ ಹತ್ತಿರ ಬಂದಿವೆ. ಬಾಗಿಲು ಹತ್ತಿರವಾದ ಮಾತ್ರಕ್ಕೆ ಪ್ರವೇಶ ಸುಲಭವಾಯಿತೆಂದು ಅರ್ಥವಲ್ಲ.

ಮೊದಲು ತಿಳಿಯಬೇಕಾದುದು ಕಾಲದ ವಿಚಾರ. ಪದವಿ ಮುಗಿದ ಮೇಲೆ ಅರ್ಜಿ ಹಾಕಿದರಾಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶಕ್ಕೆ ನಡೆಯುವ ಸಿ.ಯು.ಇ.ಟಿ. ಪರೀಕ್ಷೆಯು 2025ರಲ್ಲಿ ಮಾರ್ಚ್ 13ರಿಂದ ಏಪ್ರಿಲ್ 1ರವರೆಗೆ, ಎಂದರೆ ನಮ್ಮ ಆರನೆಯ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆಯೇ ನಡೆದುಹೋಯಿತು. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಇದನ್ನು ಬರೆಯಬಹುದು. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕುಳಿತವನಿಗೆ ಒಂದು ವರ್ಷವೇ ನಷ್ಟ.

ಅಮೆರಿಕದ ಕೆಲವು ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ನವೆಂಬರ್ ತಿಂಗಳಲ್ಲೇ ಅರ್ಜಿ ಪಡೆದು ಡಿಸೆಂಬರಿನಲ್ಲಿ ಉತ್ತರ ಹೇಳುವ ಪದ್ಧತಿಯಿದೆ. ‘ಸೀಟು ಕೊಟ್ಟರೆ ಬಂದೇ ಬರುವೆನು’ ಎಂದು ಕೆಲವೆಡೆ ವಿದ್ಯಾರ್ಥಿಯು ಮಾತು ಕೊಡಬೇಕು. ಹೀಗೆ ಮುಂಚಿತವಾಗಿ ಬೇಡಿದವರಲ್ಲಿ ಸೀಟು ಪಡೆಯುವವರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ಆದುದರಿಂದ ಮೊದಲು ಬೇಡಿದರೆ ಸಾಕು, ಸೀಟು ಖಂಡಿತವೆಂದು ತಿಳಿಯಬಾರದು. ಮುಂಚೆ ಬೇಡುವವರಲ್ಲಿ ಮುಂಚೆಯೇ ಸಿದ್ಧರಾದವರು ಬಹಳ. ಆ ಪ್ರಮಾಣವು ಗುಂಪಿಗೆ ಸೇರಿದ್ದು, ನಿಮಗಾಗಲಿ ನನಗಾಗಲಿ ಸೇರಿದ್ದಲ್ಲ.

ಇದೇ ತಪ್ಪನ್ನು ನಾವು ತಿರುವುಮುರುವಾಗಿ ಮಾಡುತ್ತೇವೆ. 40 ಸೀಟುಗಳಿಗೆ 2,000 ಅರ್ಜಿಗಳು ಬಂದಿವೆಯೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಐವತ್ತು ಜನರಲ್ಲಿ ಒಬ್ಬರಿಗೆ ಸೀಟು ಎಂದು ಲೆಕ್ಕ ಹಾಕಿ ಕೈಬಿಡುತ್ತೇವೆ. ಆದರೆ ಇದು ಚೀಟಿ ಎತ್ತುವ ಆಟವಲ್ಲ. ಅರ್ಜಿ ಹಾಕಿದವರೆಲ್ಲ ಪರೀಕ್ಷೆಗೆ ಕೂಡುವುದಿಲ್ಲ. ಕೂತವರೆಲ್ಲ ಓದಿ ಬಂದಿರುವುದಿಲ್ಲ. ಸೀಟು ಪಡೆದ ಕೆಲವರು ಬೇರೆಡೆಗೆ ಹೋಗುವುದರಿಂದ ಪಟ್ಟಿಯು ಕೆಳಗಿಳಿಯುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ಜನ ಬಂದರು?’ ಎಂಬುದಲ್ಲ, ‘ಕಳೆದ ವರ್ಷ ಕಟ್ಟಕಡೆಗೆ ಸೀಟು ಪಡೆದವರ ಅಂಕವೆಷ್ಟು, ನನ್ನ ಅಂಕವೆಷ್ಟು?’ ಎಂಬುದು.

ಎರಡನೆಯದು ಮೀಸಲಾತಿಯ ವಿಚಾರ. ಕೇಂದ್ರೀಯ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ 7.5, ಹಿಂದುಳಿದ ವರ್ಗಗಳಿಗೆ 27, ಆರ್ಥಿಕವಾಗಿ ದುರ್ಬಲರಾದ ಇತರರಿಗೆ 10. ನೂರರಲ್ಲಿ ಉಳಿದ ನಲವತ್ತು ಚಿಲ್ಲರೆ ಸೀಟುಗಳು ಎಲ್ಲರಿಗೂ ತೆರೆದವು. ಇಲ್ಲಿ ನಮ್ಮ ಭಾಗದವರು ಎಡವುವ ಎರಡು ಕಲ್ಲುಗಳಿವೆ. ಸಂವಿಧಾನದ 371ಜೆ ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ರಾಜ್ಯ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟುಗಳು ಸ್ಥಳೀಯರಿಗೆ ಮೀಸಲು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಅದು ನಮ್ಮ ನೆರೆಯ ಕಡಗಂಚಿಯಲ್ಲೇ ಇದ್ದರೂ, ಈ ಲೆಕ್ಕ ನಡೆಯದು. ಇನ್ನೊಂದು, ರಾಜ್ಯದ ಹಿಂದುಳಿದವರ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಪ್ರಮಾಣಪತ್ರದ ನಮೂನೆಯೂ ಬೇರೆ. ಭಾಲ್ಕಿಯ ಕಡೆಯ ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು ಸಾಕಷ್ಟು ಅಂಕ ಪಡೆದಿದ್ದರೂ ರಾಜ್ಯದ ನಮೂನೆಯ ಪತ್ರವನ್ನು ಹಿಡಿದು ಹೋಗಿ ಬರಿಗೈಯಲ್ಲಿ ಮರಳಿದರು. ಓದಿನಲ್ಲಿ ಗೆದ್ದವರು ಕಾಗದದಲ್ಲಿ ಸೋಲಬಾರದು.

ಮೂರನೆಯದು ಪರೀಕ್ಷೆಯ ಲೆಕ್ಕ. 2025ರಲ್ಲಿ 75 ಪ್ರಶ್ನೆಗಳಿಗೆ 90 ನಿಮಿಷಗಳಿದ್ದವು. ಒಂದು ಪ್ರಶ್ನೆಗೆ 72 ಸೆಕೆಂಡು. ಸರಿಯುತ್ತರಕ್ಕೆ 4 ಅಂಕ ಕೂಡುತ್ತದೆ, ತಪ್ಪಿಗೆ 1 ಅಂಕ ಕಳೆಯುತ್ತದೆ. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ಸರಾಸರಿ ಲಾಭ ಕಾಲು ಅಂಕ ಮಾತ್ರ. ಎರಡು ಉತ್ತರಗಳು ತಪ್ಪೆಂದು ಖಾತ್ರಿಯಾಗಿ, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಒಂದೂವರೆ ಅಂಕ. ಅಂದಮೇಲೆ ಅರ್ಧ ತಿಳಿವಿಗೂ ಬೆಲೆಯಿದೆ. ಕುರುಡು ಊಹೆಗೆ ಬೆಲೆಯಿಲ್ಲವೆಂದೇ ಹೇಳಬೇಕು, ಅದು ಸಮಯವನ್ನೂ ನುಂಗುತ್ತದೆ.

ಇಷ್ಟು ತಿಳಿದುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಐದು ಭಾನುವಾರ ಬಿಡಿಸಿದೆನು. ಮುನ್ನೂರಕ್ಕೆ ಬಂದ ಅಂಕಗಳು ಹೀಗಿವೆ: 140, 151, 146, 163, 177. ಕೊನೆಯ 177ನ್ನು ಗೆಳೆಯರಿಗೆ ತೋರಿಸಿ ಹಿಗ್ಗಿದುದುಂಟು. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದರೆ ನನ್ನ ಅಂಕ 177 ಅಲ್ಲ, ಸರಾಸರಿ 155. ನಾನು ಬಯಸಿದ ಕಡೆಯ ಹಿಂದಿನ ವರ್ಷದ ಕಡೆಯ ಅಂಕವನ್ನು ಈ ಐದರಲ್ಲಿ ಒಂದು ಮಾತ್ರ ದಾಟಿತ್ತು. ಆದುದರಿಂದ ನನ್ನ ಅಂದಾಜು: ಐದರಲ್ಲಿ ಒಂದು.

ಮತ್ತೊಂದು ಮಾತನ್ನು ಆ ಕಾಗದಗಳೇ ಹೇಳಿದವು. ಐದನೆಯ ಸಲ 48 ಸರಿ, 15 ತಪ್ಪು, 12 ಬಿಟ್ಟದ್ದು. ಆ ಹದಿನೈದು ತಪ್ಪುಗಳಲ್ಲಿ ಒಂಬತ್ತರ ವಿಷಯ ನನಗೆ ಗೊತ್ತಿತ್ತು; ಗೊತ್ತಿಲ್ಲದಿದ್ದುದು ಇಂಗ್ಲಿಷ್ ಪದ. ಇತಿಹಾಸದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ನಾನು ಓದಿದ್ದು ಕನ್ನಡದಲ್ಲಿ. ಒಂದು ತಪ್ಪು ಸರಿಯಾದರೆ ಕಳೆದ ಒಂದು ಉಳಿದು ನಾಲ್ಕು ಕೂಡಿ 5 ಅಂಕದ ಅಂತರ, ಒಂಬತ್ತಕ್ಕೆ 45. ದಡ್ಡತನವೆಂದು ನಾನು ಮರುಗುತ್ತಿದ್ದುದು ನಿಜವಾಗಿ ಪದಗಳ ಕೊರತೆಯಾಗಿತ್ತು. ಅಂದಿನಿಂದ ಒಂದು ನೋಟುಪುಸ್ತಕದಲ್ಲಿ ಕನ್ನಡ ಪದದ ಎದುರು ಇಂಗ್ಲಿಷ್ ಪದವನ್ನು ಬರೆಯುತ್ತಿದ್ದೇನೆ. ಅಧ್ಯಾಪಕರು ಬಿಡುವಿನಲ್ಲಿ ತಿದ್ದಿಕೊಡುತ್ತಿದ್ದಾರೆ.

ಕಡೆಯದಾಗಿ, ಎಷ್ಟು ಕಡೆ ಅರ್ಜಿ ಹಾಕಬೇಕು? ಒಂದೊಂದು ಕಡೆ ಐದರಲ್ಲಿ ಒಂದು ಅವಕಾಶವಿದ್ದರೆ, ಮೂರು ಕಡೆ ಹಾಕಿದಾಗ ಒಂದಾದರೂ ದೊರೆಯುವ ಸಂಭವ ನೂರಕ್ಕೆ 49 ಎಂದು ಗಣಿತ ಹೇಳುತ್ತದೆ. ಆದರೆ ಈ ಲೆಕ್ಕವು ಮೂರೂ ಬೇರೆ ಬೇರೆಯಾಗಿದ್ದಾಗ ಮಾತ್ರ ನಿಜ. ಒಂದೇ ಪರೀಕ್ಷೆಯ ಅಂಕವನ್ನು ಮೂರು ವಿಶ್ವವಿದ್ಯಾಲಯಗಳಿಗೆ ಕಳಿಸಿದರೆ, ಆ ಪರೀಕ್ಷೆ ಕೆಟ್ಟ ದಿನ ಮೂರಕ್ಕೂ ಪೆಟ್ಟು.

ಇದನ್ನೆಲ್ಲ ತಂದೆಯವರಿಗೆ ವಿವರಿಸಿ, “ಐದರಾಗ ಒಂದು” ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳಿ ಬರ್ತದೋ ಇಲ್ಲೋ ಅಂತ ನಾವು ಹೊಲ ಬೀಳು ಕೆಡವತೀವೇನು? ಬಿತ್ತು. ಆದ್ರ ಒಂದೇ ಬೀಜ ಹಾಕಬ್ಯಾಡ” ಎಂದರು. ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತುವವರು ಅವರು. ತೊಗರಿಗೆ ಆರು ತಿಂಗಳು ಬೇಕು; ಹೆಸರು ಬೇಗ ಕೈಗೆ ಬರುತ್ತದೆ. ಒಂದಕ್ಕೆ ಬಂದ ಕೇಡು ಇನ್ನೊಂದಕ್ಕೂ ಬರಲೇಬೇಕೆಂದಿಲ್ಲ. ನನ್ನ ಗಣಿತಕ್ಕಿಂತ ಹಳೆಯ ಗಣಿತವಿದು.

ಅದರಂತೆ ಹೈದರಾಬಾದಿಗೂ ಕಡಗಂಚಿಗೂ ಪ್ರವೇಶ ಪರೀಕ್ಷೆಯ ಮೂಲಕ ಪ್ರಯತ್ನಿಸುವುದೆಂದು ನಿಶ್ಚಯಿಸಿದ್ದೇನೆ. ಜೊತೆಗೆ ಪದವಿಯ ಅಂಕಗಳನ್ನೂ ಸ್ಥಳೀಯರೆಂಬ ಹಕ್ಕನ್ನೂ ನೆಚ್ಚಿ ರಾಜ್ಯದ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕುವೆನು. ಆದುದರಿಂದ ಆರನೆಯ ಸೆಮಿಸ್ಟರನ್ನು ಅಲಕ್ಷಿಸುವಂತಿಲ್ಲ. ಸೋದರಮಾವನವರಿಗೆ, ಕಾಯಲಾಗದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡಿಸಿರೆಂದು ತಿಳಿಸಿದೆವು. ಅವರು ಬೇರೆಯವರಿಗೇ ಕೊಡಿಸಿದರು. ಆ ಸಂಬಳದ ಆಸೆ ಮನೆಯಲ್ಲಿ ಎಲ್ಲರಿಗೂ ಇತ್ತೆಂಬುದನ್ನು ನಾನು ಮರೆಯಲಾರೆ.

ಮಿತ್ರರೆ, ವಿಶ್ವವಿದ್ಯಾಲಯವು ನಮ್ಮನ್ನು ಬೇಡವೆನ್ನುವುದಕ್ಕೆ ಮೊದಲೇ ನಮ್ಮನ್ನು ನಾವೇ ಬೇಡವೆಂದುಕೊಳ್ಳುವುದು ನಮ್ಮ ಕಡೆಯ ದೊಡ್ಡ ರೋಗ. ಅದಕ್ಕೆ ಮದ್ದು ಪೊಳ್ಳು ಧೈರ್ಯವಲ್ಲ, ಲೆಕ್ಕ. ಒಂದು ಹಳೆಯ ಪ್ರಶ್ನೆಪತ್ರಿಕೆ, ಒಂದು ಗಡಿಯಾರ, ಐದು ಭಾನುವಾರ – ಇಷ್ಟು ಸಾಕು. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನನ್ನ ಫಲ ತಿಳಿದಿರಬಹುದು. ಅದು ಏನೇ ಆಗಲಿ, ಆ ಪದಗಳ ನೋಟುಪುಸ್ತಕವನ್ನು ನಮ್ಮ ಗ್ರಂಥಾಲಯದಲ್ಲಿ ಇಟ್ಟು ಹೋಗುತ್ತೇನೆ. ಮುಂದೆ ಬರುವವರು ಬೇಕಾದುದನ್ನು ಸೇರಿಸಿಕೊಳ್ಳಲಿ.