ವೇಷವೂ ಮುಖವೂ

ಆಟವೆಂಬುದು ಕೇವಲ ಕಾಲಹರಣದ ಸಾಧನವೆಂದು ಹಲವರು ಭಾವಿಸುತ್ತಾರೆ. ಆದರೆ ಪ್ರತಿಯೊಂದು ಆಟವೂ ಆಡುವವನಿಗೆ ತಿಳಿಯದಂತೆಯೇ ಏನನ್ನೋ ಕಲಿಸುತ್ತಿರುತ್ತದೆ. ಚದುರಂಗವು ಮುಂದಿನ ನಡೆಯನ್ನು ಇಂದೇ ಯೋಚಿಸುವುದನ್ನು ಕಲಿಸುತ್ತದೆ. ನಮ್ಮ ಕರಾವಳಿಯ ಚೆನ್ನೆಮಣೆಯು ಎಣಿಕೆಯನ್ನೂ ಹಂಚಿಕೆಯನ್ನೂ ಕಲಿಸುತ್ತದೆ. ಇಂದು ವಿದ್ಯಾರ್ಥಿಗಳ ಬಾಯಲ್ಲಿ ದಿನವೂ ಕೇಳಿಬರುವ ಗಣಕಯಂತ್ರದ ಆಟಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳಲ್ಲಿ ಒಂದನ್ನು ಇಲ್ಲಿ ಪರಿಶೀಲಿಸೋಣ. ಅದನ್ನೇ ಆರಿಸಿಕೊಳ್ಳಲು ಕಾರಣವೇನೆಂದರೆ, ಅದರ ಒಂದು ಅಧ್ಯಾಯವು ನಾವು ನೀವೆಲ್ಲ ಬಾಳುತ್ತಿರುವ ಈ ಮುಂಬಯಿಯಲ್ಲಿಯೇ ನಡೆಯುತ್ತದೆ.

ಆ ಆಟದ ಹೆಸರು ‘ಹಿಟ್‌ಮ್ಯಾನ್’. ಹಣ ಪಡೆದು ಕೊಲೆ ಮಾಡುವವನು ಎಂದು ಆ ಶಬ್ದದ ಅರ್ಥ. ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ 1998ರಲ್ಲಿ ಸ್ಥಾಪಿತವಾದ ಐಒ ಇಂಟರ್ಯಾಕ್ಟಿವ್ ಎಂಬ ಸಂಸ್ಥೆಯು ಇದರ ಮೊದಲನೆಯ ಭಾಗವನ್ನು 2000ದಲ್ಲಿ ಹೊರತಂದಿತು. ಮುಂಬಯಿಯ ಅಧ್ಯಾಯವುಳ್ಳ ‘ಹಿಟ್‌ಮ್ಯಾನ್ 2’ ಎಂಬುದು 2018ರ ನವೆಂಬರಿನಲ್ಲಿ ಪ್ರಕಟವಾಯಿತು. ಕಥಾನಾಯಕನಿಗೆ ಹೆಸರೆಂಬುದಿಲ್ಲ, ಅವನು ‘ಏಜೆಂಟ್ 47’. ಯುರೋಪಿನ ವರ್ಗೀಕರಣದ ಪ್ರಕಾರ ಇದು 18 ವರ್ಷ ತುಂಬಿದವರಿಗೆ ಮಾತ್ರ ಉಚಿತವಾದ ಆಟ. ಆದುದರಿಂದ ಇದನ್ನು ಆಡಿರೆಂದು ನಾವು ಹೇಳುತ್ತಿಲ್ಲ. ಆದರೆ ಇತರರು ಆಡಿದುದರ ಚಿತ್ರಣವು ಮೊಬೈಲಿನಲ್ಲಿ ಯಾರಿಗೂ ದೊರೆಯುವ ಈ ಕಾಲದಲ್ಲಿ, ಅದನ್ನು ನೀವು ಕಂಡೇ ಇಲ್ಲವೆಂಬಂತೆ ಸುಮ್ಮನಿರುವುದಕ್ಕಿಂತ, ಅದರ ಗುಣದೋಷಗಳನ್ನು ವಿಚಾರಿಸುವುದೇ ಲೇಸು.

ಇದು ಹೊಂಚಿನ ಆಟ. ಗುಂಡು ಹಾರಿಸುತ್ತ ಓಡುವವನು ಇದರಲ್ಲಿ ಬೇಗನೆ ಸೋಲುತ್ತಾನೆ. ಆಡುವವನು ಬಹಳ ಹೊತ್ತು ಸುಮ್ಮನೆ ನಡೆದಾಡಬೇಕು. ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಯಾವ ಬಾಗಿಲಲ್ಲಿ ಕಾವಲಿದೆ, ಇಬ್ಬರು ನಿಂತು ಮಾತನಾಡುವುದೇನು ಎಂಬುದನ್ನು ಕಣ್ಣಿಟ್ಟು ಕಿವಿಗೊಟ್ಟು ತಿಳಿಯಬೇಕು. ಗೊತ್ತುಪಡಿಸಿದ ವ್ಯಕ್ತಿಯನ್ನಲ್ಲದೆ ಬೇರೆಯವರನ್ನು ಕೊಂದರೆ ಅಂಕಗಳು ಕಡಿಮೆಯಾಗುತ್ತವೆ. ಯಾರ ಕಣ್ಣಿಗೂ ಬೀಳದೆ, ಶವವೂ ಸಿಗದಂತೆ ಕೆಲಸ ಮುಗಿಸಿದವನಿಗೆ ‘ಮೌನಹಂತಕ’ ಎಂಬರ್ಥದ ಶ್ರೇಷ್ಠ ಪದವಿಯು ಲಭಿಸುತ್ತದೆ. ತಾಳ್ಮೆ, ಅವಲೋಕನ, ಜ್ಞಾಪಕಶಕ್ತಿ ಇವು ಮೂರೂ ಈ ಆಟಕ್ಕೆ ಬೇಕು. ಗುಣಗಳು ಉತ್ತಮವಾದವು, ಅವುಗಳನ್ನು ಹೂಡಿದ ಕಾರ್ಯ ಮಾತ್ರ ಅಧಮವಾದದ್ದು.

ಮುಂಬಯಿಯ ಅಧ್ಯಾಯದ ವಿಷಯಕ್ಕೆ ಬರೋಣ. ಇಲ್ಲಿ ಕೊಲ್ಲಬೇಕಾದವರು ಮೂವರು. ದಾವೂದ್ ರಂಗನ್ ಎಂಬವನು ಸಿನಿಮಾ ನಿರ್ಮಾಪಕ. ಇನ್ನೂ ಕಟ್ಟಿ ಮುಗಿಯದ ಗಗನಚುಂಬಿ ಕಟ್ಟಡದಲ್ಲಿ ಅವನ ವಾಸ. ವಾನ್ಯಾ ಶಾ ಎಂಬವಳು ರೈಲು ನಿಲ್ಲುವ ಅಂಗಳವನ್ನೇ ತನ್ನ ಕೋಟೆಯನ್ನಾಗಿ ಮಾಡಿಕೊಂಡು ಜೋಪಡಪಟ್ಟಿಯನ್ನು ಆಳುತ್ತಾಳೆ. ಮೂರನೆಯವನಾದ ವಜೀರ್ ಕಾಳೆಯ ಮುಖವನ್ನು ಕಂಡವರಿಲ್ಲ. ಜನಜಂಗುಳಿಯಲ್ಲಿ ಅವನು ಯಾರೆಂದು ಮೊದಲು ಕಂಡುಹಿಡಿಯಬೇಕು. ಇಕ್ಕಟ್ಟಾದ ಗಲ್ಲಿಗಳು, ಬಟ್ಟೆ ಒಗೆಯುವ ತಾಣ, ಕ್ಷೌರದಂಗಡಿ, ಸಿನಿಮಾ ಚಿತ್ರೀಕರಣ, ಇವೆಲ್ಲವನ್ನೂ ಡೆನ್ಮಾರ್ಕಿನ ಕಲಾವಿದರು ಶ್ರಮವಹಿಸಿ ರಚಿಸಿದ್ದಾರೆ. ಮಹಾಲಕ್ಷ್ಮಿಯ ಧೋಬಿಘಾಟನ್ನು ಸೇತುವೆಯ ಮೇಲಿಂದ ನೋಡಿದವರಿಗೆ ಆ ಬಟ್ಟೆಯ ಸಾಲುಗಳು ಪರಿಚಿತವೆನಿಸದೆ ಇರವು.

ಈಗ ಈ ಆಟದ ಮುಖ್ಯವಾದ ಕೀಲನ್ನು ನೋಡೋಣ. ಏಜೆಂಟ್ 47 ಎಲ್ಲಿ ಬೇಕಾದಲ್ಲಿ ನುಗ್ಗುವುದು ಬಂದೂಕಿನ ಬಲದಿಂದಲ್ಲ, ಬಟ್ಟೆಯ ಬಲದಿಂದ. ಬಟ್ಟೆ ಒಗೆಯುವವನ ಉಡುಪು ತೊಟ್ಟರೆ ಧೋಬಿಗಳ ನಡುವೆ ಅವನನ್ನು ತಡೆಯುವವರಿಲ್ಲ. ಕಾವಲುಗಾರನ ಉಡುಪು ತೊಟ್ಟರೆ ಬಾಗಿಲು ತೆರೆಯುತ್ತದೆ. ಅವನೋ ಬೋಳುತಲೆಯ ಬಿಳಿಯ ಪರದೇಶಿ. ತಲೆಯ ಹಿಂಬದಿಯಲ್ಲಿ ಅಂಗಡಿಯ ಪೊಟ್ಟಣಗಳ ಮೇಲಿರುವಂತಹ ಗೆರೆಗಳ ಗುರುತು ಬೇರೆ! ಮುಂಬಯಿಯ ಗಲ್ಲಿಯಲ್ಲಿ ಇಂಥವನು ನಡೆದು ಬಂದರೆ ಹತ್ತು ಮಕ್ಕಳು ಹಿಂದೆ ಬಿದ್ದಾರು. ಆದರೂ ಆಟದಲ್ಲಿ ಯಾರೊಬ್ಬರೂ ತಲೆಯೆತ್ತಿ ನೋಡುವುದಿಲ್ಲ. ಅವರು ನೋಡುವುದು ಉಡುಪನ್ನು, ಮುಖವನ್ನಲ್ಲ.

ಹಾಗಾದರೆ ಅವನನ್ನು ಹಿಡಿಯಬಲ್ಲವರೇ ಇಲ್ಲವೇ? ಇದ್ದಾರೆ. ಆಟದಲ್ಲಿ ಕೆಲವರ ತಲೆಯ ಮೇಲೆ ಬಿಳಿಯ ಚುಕ್ಕೆಯೊಂದು ತೋರುತ್ತದೆ. ಇವರು ಸಾಮಾನ್ಯವಾಗಿ ಆಯಾ ಕೆಲಸದ ಮೇಲ್ವಿಚಾರಕರು, ಅಥವಾ ಅದೇ ತಂಡದವರು. ತಮ್ಮ ಜೊತೆಗೆ ದುಡಿಯುವವರ ಮುಖ ಇವರಿಗೆ ಗೊತ್ತು. ಉಡುಪು ಸರಿಯಾಗಿದ್ದರೂ ‘ಇವನು ನಮ್ಮವನಲ್ಲ’ ಎಂದು ಇವರು ಕ್ಷಣದಲ್ಲಿ ತಿಳಿಯುತ್ತಾರೆ. ಜಗತ್ತಿನ ಅತಿ ಚತುರನಾದ ಹಂತಕನು ಹೆದರುವುದು ಬಂದೂಕಿಗಲ್ಲ, ಗುರುತು ಹಿಡಿಯುವ ಕಣ್ಣಿಗೆ. ಈ ಆಟದಿಂದ ಕಲಿಯತಕ್ಕ ಪಾಠ ಯಾವುದಾದರೂ ಇದ್ದರೆ ಅದು ಇದೇ ಎಂದು ನಮ್ಮ ಅಭಿಪ್ರಾಯ.

ಈ ಪಾಠವು ಮುಂಬಯಿಯ ಕನ್ನಡಿಗರಿಗೆ ಹೊಸದಲ್ಲ. ಊರಿನಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಒಂದು ತಲೆಮಾರೇ ನಮ್ಮಲ್ಲಿದೆ. ನಿಮ್ಮಲ್ಲಿ ಕೆಲವರ ಅಜ್ಜಂದಿರು ಆ ಸಾಲಿನವರು. ದಿನಕ್ಕೆ ನೂರಾರು ಗಿರಾಕಿಗಳ ಮುಂದೆ ಇಡ್ಲಿಯ ತಟ್ಟೆಯಿಟ್ಟ ಆ ಮಾಣಿಯ ಮುಖವನ್ನು ಎಷ್ಟು ಮಂದಿ ನೋಡಿದ್ದಾರು? ಗಿರಾಕಿಗೆ ಕಂಡದ್ದು ತಟ್ಟೆ ಮತ್ತು ಕೈ. ಪಗಾರದ ದಿನ ಊರಿಗೆ ಹಣ ಕಳುಹಿಸುತ್ತಿದ್ದವನು, ರಾತ್ರಿ ವ್ಯಾಕರಣ ಓದುತ್ತಿದ್ದವನು ಕಾಣಲಿಲ್ಲ. ಹಂತಕನಿಗೆ ಮರೆಯಾಗಿ ಒದಗುವ ಅದೇ ಕುರುಡುತನವು ದುಡಿಯುವವನಿಗೆ ಅವಮಾನವಾಗಿ ಪರಿಣಮಿಸುತ್ತದೆ.

ಹೊಂಚು, ವೇಷ, ಗೂಢಹತ್ಯೆಗಳ ಕಥೆ ನಮ್ಮ ದೇಶಕ್ಕೂ ಹೊಸದಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ ಎಂಬ ಸಂಸ್ಕೃತ ನಾಟಕವೇ ಇದಕ್ಕೆ ಸಾಕ್ಷಿ. ಆ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ ಎಂಬ ಗದ್ಯಗ್ರಂಥವಾಗಿ ಕನ್ನಡಕ್ಕೆ ತಂದನು. ನಂದರ ಮಂತ್ರಿಯಾದ ರಾಕ್ಷಸನು ಚಂದ್ರಗುಪ್ತನನ್ನು ಕೊಲ್ಲಿಸಲು ಗೂಢಪುರುಷರನ್ನು ಒಬ್ಬರ ಹಿಂದೊಬ್ಬರಂತೆ ಕಳುಹಿಸುತ್ತಾನೆ. ಚಂದ್ರಗುಪ್ತನು ಪುರಪ್ರವೇಶ ಮಾಡುವನೆಂದು ನಂಬಿದ್ದ ರಾತ್ರಿ, ರಾಜೋಚಿತವಾದ ಉಡುಪಿನಲ್ಲಿ ಅವನ ಆನೆಯನ್ನೇರಿ ಬಂದವನು ವೈರೋಧಕನೆಂಬ ಬೇರೊಬ್ಬನು. ಹಂತಕರು ಉಡುಪನ್ನು ನೋಡಿದರು, ಮುಖವನ್ನು ನೋಡಲಿಲ್ಲ, ವೈರೋಧಕನು ಸತ್ತನು. ಇದನ್ನು ಹೂಡಿದ ಚಾಣಕ್ಯನ ತಂತ್ರವು ನಿಷ್ಕಳಂಕವೆಂದು ನಾವು ಹೇಳಲಾರೆವು. ಆದರೆ ಅವನ ಕಣ್ಣಿನ ತೀಕ್ಷ್ಣತೆಯು ಮೆಚ್ಚತಕ್ಕದ್ದೇ. ಅರಮನೆಯ ಶಯನಗೃಹದ ಗೋಡೆಯ ಬಿರುಕಿನಿಂದ ಇರುವೆಗಳು ಅನ್ನದ ಅಗುಳನ್ನು ಹೊತ್ತು ಬರುವುದನ್ನು ಕಂಡು, ಒಳಗೆ ಮನುಷ್ಯರು ಅಡಗಿರಬೇಕೆಂದು ಅವನು ಊಹಿಸಿದನು. ಊಹೆ ನಿಜವಾಗಿತ್ತು.

ಮೇಲಾಗಿ, ಆ ನಾಟಕದ ಗುರಿಯೇ ಬೇರೆ. ಚಾಣಕ್ಯನಿಗೆ ಬೇಕಾದದ್ದು ರಾಕ್ಷಸನ ಶವವಲ್ಲ, ರಾಕ್ಷಸನ ಸೇವೆ. ಸ್ನೇಹಿತನಾದ ಚಂದನದಾಸನನ್ನು ವಧಸ್ಥಾನದಿಂದ ಉಳಿಸುವುದಕ್ಕಾಗಿ ರಾಕ್ಷಸನು ತಾನಾಗಿಯೇ ಬಂದು, ಕೊನೆಗೆ ಚಂದ್ರಗುಪ್ತನ ಮಂತ್ರಿಯಾಗುತ್ತಾನೆ. ವೈರಿಯ ಯೋಗ್ಯತೆಯನ್ನು ಗುರುತಿಸಿ ಅವನನ್ನು ಉಳಿಸಿಕೊಂಡಾಗ ನಾಟಕ ಮುಗಿಯುತ್ತದೆ. ಏಜೆಂಟ್ 47ರ ಆಟವಾದರೋ ಮೂರು ಶವಗಳು ಬಿದ್ದು ಅವನು ಹೊರಗೆ ಹೋದಾಗ ಮುಗಿಯುತ್ತದೆ. ಸತ್ತವರ ಮನೆಯಲ್ಲಿ ಅಂದು ರಾತ್ರಿ ಏನಾಯಿತೆಂದು ಆಟವು ತೋರಿಸುವುದಿಲ್ಲ.

ಆಟದ ಹೊರಗೆ ಆ ರಾತ್ರಿ ಇದ್ದೇ ಇರುತ್ತದೆ. ಹಳೆಯ ಕಾಲದಲ್ಲಿ ಅರಸನು ವೀಳ್ಯವನ್ನು ಕೊಟ್ಟು ವೀರನಿಗೆ ಕಾರ್ಯವನ್ನು ಒಪ್ಪಿಸುತ್ತಿದ್ದನು. ಅದು ಸಭೆಯ ನಡುವೆ ನಡೆಯುತ್ತಿದ್ದ ಗೌರವದ ಕ್ರಮ. ಆ ವೀಳ್ಯದ ಅಡಿಕೆಯೇ ಮುಂಬಯಿಯ ಪಾತಕಲೋಕದಲ್ಲಿ ‘ಸುಪಾರಿ’ಯಾಗಿ ಕೊಲೆಯ ಬೆಲೆಗೆ ಹೆಸರಾಯಿತು. 1982ರಲ್ಲಿ ಈ ನಗರದ ಬಟ್ಟೆ ಗಿರಣಿಗಳ ಎರಡು ಲಕ್ಷಕ್ಕೂ ಮೀರಿದ ಕಾರ್ಮಿಕರ ಮುಷ್ಕರವನ್ನು ನಡೆಸಿದ ಡಾ. ದತ್ತಾ ಸಾಮಂತರು 1997ರ ಜನವರಿ 16ರಂದು ಪವಯಿಯಲ್ಲಿ ಹಂತಕರ ಗುಂಡಿಗೆ ಬಲಿಯಾದರು. ವಚನಗಳನ್ನೂ ಶಾಸನಗಳನ್ನೂ ಜೀವಮಾನವೆಲ್ಲ ಅಭ್ಯಸಿಸಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಇಂತಹ ಕೊಲೆಗಾರನಿಗೆ ಎದುರಿಗಿರುವವನು ಮನುಷ್ಯನಾಗಿ ಕಾಣುವುದಿಲ್ಲ. ಗುರಿಯಾಗಿ ಮಾತ್ರ ಕಾಣುತ್ತಾನೆ. ಮುಖವನ್ನು ನೋಡದಿರುವ ಅಭ್ಯಾಸದ ಕೊನೆಯ ಮೆಟ್ಟಿಲು ಇದು.

ಆಟದಲ್ಲಿ ಬರುವ ಜನಸಮೂಹವನ್ನೂ ಗಮನಿಸಬೇಕು. ಯಂತ್ರವು ಅಷ್ಟು ಮಂದಿಗೆ ಬೇರೆ ಬೇರೆ ಮುಖಗಳನ್ನು ಕೊಡಲಾರದು. ಕೆಲವೇ ಮುಖಗಳು ಮತ್ತೆ ಮತ್ತೆ ಬರುತ್ತವೆ. ನಿಜವಾದ ಮುಂಬಯಿ ಹಾಗಿಲ್ಲ. ಧಾರಾವಿಯ ಕುಂಬಾರವಾಡೆಯಲ್ಲಿ ಸೌರಾಷ್ಟ್ರದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಮಡಕೆ ಮಾಡುತ್ತಾರೆ. ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಬೇಕಾಗಿ ಬಂದುದೇ ಇಲ್ಲಿಯ ಜನರು ಒಂದೇ ಅಚ್ಚಿನವರಲ್ಲವೆಂಬುದಕ್ಕೆ ಪ್ರಮಾಣ. ಪರದೇಶದವರು ರಚಿಸಿದ ಆ ಚಿತ್ರದಲ್ಲಿ ನಮ್ಮ ಊರಿನ ಗೋಡೆಗಳಿವೆ, ಹಗ್ಗದ ಮೇಲಿನ ಬಟ್ಟೆಗಳಿವೆ. ಆ ಬಟ್ಟೆಗಳನ್ನು ಒಗೆದವರ ಹೆಸರುಗಳಿಲ್ಲ.

ವಿದ್ಯಾರ್ಥಿಗಳೇ, ಅವಲೋಕನವನ್ನು ಕಲಿಯಲು ಕೊಲೆಯ ಆಟವೇ ಬೇಕೆಂದಿಲ್ಲ. ಮುಂದಿನ ರಜೆಯಲ್ಲಿ ಈ ಮೂರು ಅಭ್ಯಾಸಗಳನ್ನು ಮಾಡಿ ನೋಡಿರಿ. ಒಂದನೆಯದು: ನಿಮ್ಮ ಚಾಳಿಗೆ ಅಥವಾ ಸೊಸಾಯಿಟಿಗೆ ದಿನವೂ ಬರುವ ಹಾಲಿನವನು, ಕಸ ಗುಡಿಸುವವಳು, ಕಾವಲುಗಾರ, ಇಸ್ತ್ರಿಯವನು, ಈ ನಾಲ್ವರ ಹೆಸರು, ಊರು, ಮನೆಮಾತುಗಳನ್ನು ಕೇಳಿ ತಿಳಿದುಕೊಳ್ಳಿರಿ. ಎರಡನೆಯದು: ಮುದ್ರಾಮಂಜೂಷದ ಕಥೆಯನ್ನು ಹಿರಿಯರ ಸಹಾಯದಿಂದ ಓದಿ, ವೇಷವನ್ನು ನಂಬಿ ಮೋಸಹೋದವರು ಯಾರು, ನಂಬದೆ ಗೆದ್ದವರು ಯಾರು ಎಂದು ಪಟ್ಟಿ ಮಾಡಿರಿ. ಮೂರನೆಯದು: ಒಂದು ವಾರ ಶಾಲೆಗೆ ಬರುವ ದಾರಿಯಲ್ಲಿ ಅದುವರೆಗೆ ನಿಮ್ಮ ಕಣ್ಣಿಗೆ ಬೀಳದಿದ್ದ ಒಂದು ಸಂಗತಿಯನ್ನು ದಿನಕ್ಕೊಂದರಂತೆ ಬರೆದಿಡಿರಿ.

ಮೊದಲನೆಯ ಅಭ್ಯಾಸವು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ; ಮಾಡಹೊರಟಾಗ ಅದೇ ಕಠಿಣವೆಂದು ತಿಳಿಯುವುದು. ಹೆಸರು ಕೇಳುವಾಗ ‘ಏ’ ಎಂದು ಕರೆಯದೆ, ‘ಅಣ್ಣ’, ‘ಅಕ್ಕ’, ‘ಕಾಕಾ’, ‘ಮಾವಶಿ’ ಎಂದು ಕರೆದು ಕೇಳಿರಿ.