ಹಡಗಿನ ಟಿಕೆಟ್ಟು, ಹೋಟೆಲಿನ ಕಿಟಕಿ

ತಲೆಗೆ 22,000 ರೂಪಾಯಿ, ಮೂರು ರಾತ್ರಿ, ಊಟ ತಿಂಡಿ ಸೇರಿ. ಟ್ರಾವೆಲ್ಸ್‌ನವರು ಕೊಟ್ಟ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಇಷ್ಟೇ. ನಾವು ಐದು ಜನ: ನಾನು, ನಮ್ಮ ಯಜಮಾನರು, ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, 68 ವರ್ಷದ ಅತ್ತೆ. ಐವರಿಗೆ 1,10,000 ಎಂದು ಹಾಳೆಯ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಸಿಂಗಾಪುರದಿಂದ ಹೊರಟು, ಮಲೇಷ್ಯಾದ ಎರಡು ಬಂದರು ಮುಟ್ಟಿ, ವಾಪಸು ಬಂದು ಇಳಿಯುವ ಹೊತ್ತಿಗೆ ಹಡಗೊಂದಕ್ಕೇ ಆಗಿದ್ದು 1,59,200. ಯಾರೂ ಮೋಸ ಮಾಡಿರಲಿಲ್ಲ. ಎಲ್ಲವೂ ಆ ಹಾಳೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು.

ಅತ್ತೆಯ ಆಸೆ ಹಳೆಯದು. ಮದುವೆಯಾದ ಹೊಸತರಲ್ಲಿ ಮಲ್ಪೆಯ ದಡದಲ್ಲಿ ನಿಂತು ದೂರದಲ್ಲಿ ಹೋಗುತ್ತಿದ್ದ ಹಡಗಿನ ದೀಪ ನೋಡಿದ್ದರಂತೆ. "ಅದರೊಳಗೆ ಒಂದು ರಾತ್ರಿ ಮಲಗಿ ಎದ್ರೆ ಹೇಗಿರತ್ತೆ ಅಂತ ಅವತ್ತಿಂದ ಅನ್ಕೊಂಡೇ ಇದೀನಿ ಕಣಮ್ಮ" ಎಂದು ಒಮ್ಮೆ ಕಾಳು ಬಿಡಿಸುತ್ತಾ ಹೇಳಿದರು. 2022ರ ಮಾರ್ಚಿನಲ್ಲಿ ತಿಂಗಳಿಗೆ 18,000ದಂತೆ ಎರಡು ವರ್ಷದ ಆರ್‌ಡಿ ಶುರು ಮಾಡಿದೆವು. 2024ರ ಮಾರ್ಚಿನಲ್ಲಿ ಅದು ಕೈಗೆ ಬಂದಾಗ ಬಡ್ಡಿ ಸೇರಿ ನಾಲ್ಕೂವರೆ ಲಕ್ಷ ದಾಟಿತ್ತು. ಸಾಲವಿಲ್ಲ, ಕ್ರೆಡಿಟ್ ಕಾರ್ಡಿನ ಕಂತಿಲ್ಲ. ಇದ್ದದ್ದರೊಳಗೆ ಮುಗಿಯಬೇಕು ಎಂಬುದೊಂದೇ ಷರತ್ತು.

ಕ್ರೂಸ್ ದರದ ಮೊದಲ ಗುಟ್ಟು ಅದು ಕೋಣೆಯ ದರ ಎಂಬುದು. ತಲೆಗೆ ಇಷ್ಟು ಎಂದು ಬರೆದರೂ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆಂದು ಎಣಿಸಿ ಬರೆದ ಲೆಕ್ಕ ಅದು. ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಇಬ್ಬರ ಹಣ ತೆರಬೇಕು. ಮೂರನೆಯವರು, ನಾಲ್ಕನೆಯವರು ಅದೇ ಕೋಣೆಗೆ ಬಂದರೆ ಅವರಿಗೆ ದರ ಇಳಿಯುತ್ತದೆ. ಟ್ರಾವೆಲ್ಸ್‌ನವರು ಮೊದಲು ಸೂಚಿಸಿದ್ದು ನಾವು ನಾಲ್ವರು ಒಂದು ಕೋಣೆ, ಅತ್ತೆಗೆ ಪ್ರತ್ಯೇಕ ಕೋಣೆ. ಹಿರಿಯರಿಗೆ ಗೌರವ ಎಂಬಂತೆ ಕಾಣುವ ಈ ಏರ್ಪಾಟಿನಲ್ಲಿ ಅವರೊಬ್ಬರಿಗೇ ಜೋಡಿ ದರ ಬೀಳುತ್ತಿತ್ತು, ರಾತ್ರಿ ಎಚ್ಚರವಾದರೆ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಅತ್ತೆಯೂ ಮಗಳೂ ಒಂದು ಕೋಣೆ, ನಾವಿಬ್ಬರೂ ಮಗನೂ ಇನ್ನೊಂದು ಎಂದು ಬದಲಿಸಿದೆವು. ಮಗ ಮೂರನೆಯವನಾದ್ದರಿಂದ ಅವನಿಗೆ 12,000 ಆಯಿತು. ಹಾಗೆ ಉಳಿದ 10,000ದಲ್ಲಿ ಅಜ್ಜಿ ಮೊಮ್ಮಗಳ ಕೋಣೆಗೆ ಸಮುದ್ರ ಕಾಣುವ ಕಿಟಕಿ ಸಿಕ್ಕಿತು. ಅದಕ್ಕೆ ತಲೆಗೆ 5,000 ಹೆಚ್ಚು. ನಮ್ಮದು ಕಿಟಕಿಯೇ ಇಲ್ಲದ ಒಳಕೋಣೆ. ಇಡೀ ಪ್ರವಾಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನ ಇದೇ ಎಂದು ಈಗಲೂ ಅನ್ನಿಸುತ್ತದೆ. ಒಳಕೋಣೆಗೆ ನಾವು ಹೋಗುತ್ತಿದ್ದದ್ದು ಮಲಗುವುದಕ್ಕೆ ಮಾತ್ರ. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಕತ್ತಲೆಯ ನೀರು ಬೂದಿಬಣ್ಣಕ್ಕೆ ತಿರುಗುವುದನ್ನು ಕೈಯಲ್ಲಿ ಜಪಮಾಲೆ ಹಿಡಿದು ನೋಡುತ್ತಿದ್ದರು.

ಹಾಗಿದ್ದರೆ ಉಳಿದ 49,200 ಹೋದದ್ದೆಲ್ಲಿಗೆ? ಬಂದರು ಶುಲ್ಕ, ತೆರಿಗೆ ಎಂದು ತಲೆಗೆ 6,000, ಒಟ್ಟು 30,000. ಆಮೇಲೆ ಗ್ರಾಚುಯಿಟಿ. ನೌಕರಿ ಬಿಟ್ಟಾಗ ಸಿಗುವ ಗ್ರಾಚುಯಿಟಿ ಮಾತ್ರ ಗೊತ್ತಿದ್ದ ನನಗೆ ಹಡಗಿನಲ್ಲಿ ಅದು ಸಿಬ್ಬಂದಿಗೆ ಕೊಡುವ ಟಿಪ್ಸ್ ಎಂದು ತಿಳಿದದ್ದು ಆಗಲೇ. ತಲೆಗೆ, ರಾತ್ರಿಗೆ ಸುಮಾರು 20 ಸಿಂಗಾಪುರ ಡಾಲರು. ಮಗುವಿಗೂ ಅಷ್ಟೇ. ಐದು ಜನ, ಮೂರು ರಾತ್ರಿ, 300 ಡಾಲರು; ಆಗ ಡಾಲರಿಗೆ 64 ರೂಪಾಯಿ ಇತ್ತು, 19,200 ಆಯಿತು. ಈ ಹಣದ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಕೋಣೆ ಗುಡಿಸಿದ ಹುಡುಗ ಆರೇಳು ತಿಂಗಳು ಮನೆ ಬಿಟ್ಟು ನೀರಿನ ಮೇಲೆ ಇರುವವನು. ಆದರೆ ಕಡ್ಡಾಯವಾಗಿ ಕೊಡಬೇಕಾದದ್ದನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಎರಡು ಹಡಗುಗಳ ದರ ಹೋಲಿಸುವಾಗ ಶುಲ್ಕ, ಟಿಪ್ಸ್ ಎಲ್ಲ ಸೇರಿಸಿ, ಇಡೀ ಕುಟುಂಬಕ್ಕೆ, ರಾತ್ರಿಗೆ ಎಷ್ಟಾಯಿತು ಎಂದು ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ವೈಫೈ, ತಂಪುಪಾನೀಯ, ವಿಶೇಷ ರೆಸ್ಟೋರೆಂಟುಗಳ ಊಟ ಇವೆಲ್ಲ ಬೇರೆ; ಅವನ್ನು ನಾವು ಮುಟ್ಟಲಿಲ್ಲ. ಮಾಮೂಲಿ ಊಟದ ಸಾಲಿನಲ್ಲೇ ಅನ್ನ, ದಾಲ್, ಪಲ್ಯ, ಮೊಸರು ಇತ್ತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕೆಂದು ಬುಕಿಂಗಿನಲ್ಲೇ ಬರೆಸಿದ್ದರಿಂದ ಅತ್ತೆಯ ಶನಿವಾರವೂ ಕೆಡಲಿಲ್ಲ.

ಮೊಬೈಲಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ: ಹಡಗು ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುನೀರಿನಲ್ಲಿ ಫೋನು ಹಿಡಿಯುವುದು ಹಡಗಿನ ಉಪಗ್ರಹ ನೆಟ್‌ವರ್ಕು. ನಾವು ಹಾಕಿಸಿಕೊಂಡು ಹೋದ ಸಿಂಗಾಪುರ, ಮಲೇಷ್ಯಾ ಪ್ಯಾಕಿಗೆ ಅದು ಸೇರಿರಲಿಲ್ಲ. ಯಜಮಾನರು ಅರ್ಧ ಗಂಟೆ ಮರೆತದ್ದಕ್ಕೆ ತೆತ್ತ ಹಣದಲ್ಲಿ ಐವರೂ ಎರಡು ಹೊತ್ತು ಊಟ ಮಾಡಬಹುದಿತ್ತು.

ಪ್ರವಾಸದಲ್ಲಿ ದೊಡ್ಡ ಟಿಕೆಟ್ಟುಗಳನ್ನು ಎಲ್ಲರೂ ಹತ್ತು ಕಡೆ ವಿಚಾರಿಸಿ ಕೊಳ್ಳುತ್ತಾರೆ. ಹಣ ಸೋರುವುದು ಒಂದು ಇನ್ನೊಂದಕ್ಕೆ ಕೂಡುವ ಜಾಗದಲ್ಲಿ: ವಿಮಾನ ಇಳಿದ ಹೊತ್ತಿಗೂ ರೂಮು ಕೊಡುವ ಹೊತ್ತಿಗೂ ನಡುವೆ, ಹೋಟೆಲಿಗೂ ಬಂದರಿಗೂ ನಡುವೆ, ಹಡಗು ಇಳಿದ ಬೆಳಿಗ್ಗೆಗೂ ಊರಿನ ವಿಮಾನಕ್ಕೂ ನಡುವೆ. ಇಲ್ಲಿ ದಣಿದಿರುತ್ತೇವೆ, ಕೈಯಲ್ಲಿ ಸಾಮಾನಿರುತ್ತದೆ, ಕೇಳಿದಷ್ಟು ಕೊಟ್ಟುಬಿಡುತ್ತೇವೆ.

ವೀಸಾದಲ್ಲೂ ಇಂಥದ್ದೊಂದು ಕೂಡುಜಾಗವಿದೆ. ಸಿಂಗಾಪುರದಿಂದ ಹಡಗು ಹತ್ತಿ ಮಲೇಷ್ಯಾ ಮುಟ್ಟಿ ಬಂದರೆ ಅದು ಸಿಂಗಾಪುರಕ್ಕೆ ಎರಡನೇ ಪ್ರವೇಶ. ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಸಲ್ಲುತ್ತದೆಯೇ ಎಂದು ಕೈಗೆ ಬಂದ ದಿನವೇ ಐದು ಪ್ರತಿಗಳನ್ನೂ ಓದಿದೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ಮಟ್ಟಿಗೆ ವೀಸಾ ಬೇಡವೆಂದಿದ್ದು ನಮಗೆ ಅನುಕೂಲವಾಯಿತು. ಸಿಂಗಾಪುರದ ವೀಸಾ ಶುಲ್ಕ 30 ಡಾಲರು, ಏಜೆಂಟರ ಶುಲ್ಕ ಬೇರೆ. ಒಳಬರುವ ಮುನ್ನ ಆನ್‌ಲೈನಿನಲ್ಲಿ ತುಂಬುವ ಅರೈವಲ್ ಕಾರ್ಡು ಪೂರ್ತಿ ಉಚಿತ. ಅದಕ್ಕೂ ಹಣ ಕೇಳುವ ಜಾಲತಾಣಗಳಿವೆ, ಕೊಡಬೇಡಿ.

ಇನ್ನು ಹೋಟೆಲು. ಸಿಂಗಾಪುರದಲ್ಲಿ ಮೊದಲು ಮೂರು ರಾತ್ರಿ, ಹಡಗಿನಿಂದ ಬಂದ ಮೇಲೆ ಒಂದು ರಾತ್ರಿ, ಎರಡು ರೂಮು. ಎರಡು ಹೋಟೆಲುಗಳ ನಡುವೆ ವಾರಗಟ್ಟಲೆ ತೂಗಿದೆ. ಊರಾಚೆಯದು ರಾತ್ರಿಗೆ 130 ಡಾಲರು, ಲಿಟ್ಲ್ ಇಂಡಿಯಾದ್ದು 150. ಎರಡರ ಮುಂದೆಯೂ ಎರಡು ಪ್ಲಸ್ ಚಿಹ್ನೆ. ಆ ಎರಡು ಪ್ಲಸ್ಸಿನ ಅರ್ಥ ಮೊದಲು ಶೇ. 10 ಸೇವಾಶುಲ್ಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ ಅಲ್ಲಿನ ಜಿಎಸ್‌ಟಿ. 2024ರ ಜನವರಿಯಿಂದ ಅದು ಶೇ. 9. ಹಾಗಾಗಿ 150 ಎಂದರೆ 180, 130 ಎಂದರೆ 156. ಎರಡು ರೂಮಿಗೆ ರಾತ್ರಿಗೆ 48 ಡಾಲರಿನ ವ್ಯತ್ಯಾಸ, ಮೂರು ಸಾವಿರ ರೂಪಾಯಿಗೂ ಮೇಲೆ. ನಾಲ್ಕು ರಾತ್ರಿಗೆ ಹನ್ನೆರಡು ಸಾವಿರ ದಾಟುತ್ತದೆ. ಸಣ್ಣ ಮೊತ್ತವೇನಲ್ಲ, ಯಜಮಾನರ ಒಲವು ದೂರದ್ದರ ಕಡೆಗೇ ಇತ್ತು.

ನಾನು ಭೂಪಟ ತೆರೆದು ಅತ್ತೆಯ ಒಂದು ದಿನವನ್ನು ನಡೆಸಿ ನೋಡಿದೆ. ದೂರದ ಹೋಟೆಲಿನಿಂದ ಮೆಟ್ರೊಗೆ ಹನ್ನೆರಡು ನಿಮಿಷದ ನಡಿಗೆ, ಒಂದು ಕಡೆ ಬದಲಾವಣೆ, ಒಟ್ಟು ಮುಕ್ಕಾಲು ಗಂಟೆ. ಬೆಳಿಗ್ಗೆ ಹೊರಟರೆ ರಾತ್ರಿಯೇ ಮರಳಬೇಕು. ಅವರಿಗೋ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಕಾಲು ಚಾಚಲೇಬೇಕು. ರಾತ್ರಿ ಸುಸ್ತಾಗಿ ಟ್ಯಾಕ್ಸಿ ಹಿಡಿಯೋಣವೆಂದರೆ ಅಲ್ಲಿ ಮಾಮೂಲಿ ಕಾರಿಗೆ ನಾಲ್ಕೇ ಜನ. ಐದನೆಯವರಿದ್ದರೆ ದೊಡ್ಡ ಗಾಡಿ ಅಥವಾ ಎರಡು ಗಾಡಿ. ಐದು ಜನರ ಕುಟುಂಬಗಳು ಇದನ್ನು ನೆನಪಿಡಬೇಕು: ಕಾರು, ರೂಮು, ಹಡಗಿನ ಕೋಣೆ, ಎಲ್ಲದರ ಲೆಕ್ಕವೂ ನಾಲ್ಕಕ್ಕೆ ನಿಲ್ಲುತ್ತದೆ. ದೂರದ ಹೋಟೆಲಿನಲ್ಲಿ ಉಳಿಯುತ್ತಿದ್ದ 48 ಡಾಲರಿನಲ್ಲಿ ಮೂವತ್ತಾದರೂ ದಿನವೂ ಟ್ಯಾಕ್ಸಿಗೆ ಹೋಗುತ್ತಿತ್ತು, ಅತ್ತೆಯ ನಿದ್ದೆಯೂ ಹೋಗುತ್ತಿತ್ತು.

ಲಿಟ್ಲ್ ಇಂಡಿಯಾ ಸ್ಟೇಷನ್ನಿಗೆ ಎರಡು ಮೆಟ್ರೊ ಮಾರ್ಗಗಳು ಬರುತ್ತವೆ. ಡೌನ್‌ಟೌನ್ ಮಾರ್ಗದಲ್ಲಿ ನಾಲ್ಕೇ ನಿಲ್ದಾಣಕ್ಕೆ ಬೇಫ್ರಂಟ್. ಹೊರಗೆ ಬಂದರೆ ಗಾರ್ಡನ್ಸ್ ಬೈ ದ ಬೇ. ಅಲ್ಲಿನ ಉಕ್ಕಿನ ಮಹಾವೃಕ್ಷಗಳ ಬೆಳಕು ಸಂಗೀತದ ಆಟ ಸಂಜೆ 7:45ಕ್ಕೆ, 8:45ಕ್ಕೆ, ಟಿಕೆಟ್ಟಿಲ್ಲ. ಇನ್ನೊಂದು ಮಾರ್ಗದಲ್ಲಿ ಮುಂದಿನ ನಿಲ್ದಾಣವೇ ಧೋಬಿ ಘಾಟ್. ಅಲ್ಲಿ ರೈಲು ಬದಲಿಸಿದರೆ ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್, ಹಡಗು ಹತ್ತುವ ಜಾಗ. ತಿಂಡಿಗೂ ಇದೇ ಲೆಕ್ಕ. ಹೋಟೆಲಿನಲ್ಲಿ ಬೆಳಗಿನ ತಿಂಡಿ ಸೇರಿಸಿದ ದರ ತಲೆಗೆ 20 ಡಾಲರು ಹೆಚ್ಚಿತ್ತು. ಬೇಡವೆಂದೆವು. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸವಿದೆ. ಅದೇ ರಸ್ತೆಯಲ್ಲಿ ಮುಂದೆ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ, ನಮ್ಮ ಬೆಂಗಳೂರಿನ ಎಂಟಿಆರ್ ಇದೆ. ಅತ್ತೆ ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದು ರವೆ ಇಡ್ಲಿ ತಿಂದು "ಇನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗ್ರಪ್ಪ" ಎಂದರು.

ಎಡವಿದ್ದು ಒಂದು ಕಡೆ. ನಮಗೆ ಕೊಟ್ಟ ಎರಡು ರೂಮುಗಳಲ್ಲಿ ಒಂದಕ್ಕೆ ಕಿಟಕಿಯೇ ಇರಲಿಲ್ಲ. ಸಿಂಗಾಪುರದ ಅಗ್ಗದ ಹೋಟೆಲುಗಳಲ್ಲಿ ಇಂಥ ರೂಮುಗಳು ಮಾಮೂಲು, ಬುಕಿಂಗ್ ಪುಟದಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ, ನಾನು ಆ ಸಾಲು ಓದಿರಲಿಲ್ಲ. ಹಡಗಿನಲ್ಲಿ ಒಳಕೋಣೆ ಏನೂ ಅನ್ನಿಸಲಿಲ್ಲ, ಬಾಗಿಲು ತೆರೆದರೆ ಇಡೀ ಸಮುದ್ರವಿತ್ತು. ಊರ ನಡುವಿನ ಕಿಟಕಿಯಿಲ್ಲದ ರೂಮು ಬೇರೆಯೇ. ಮಧ್ಯಾಹ್ನವೋ ನಡುರಾತ್ರಿಯೋ ತಿಳಿಯದೆ ಅತ್ತೆ ಗಾಬರಿಯಿಂದ ಎದ್ದು ಕೂತಿದ್ದರು. ರಾತ್ರಿಗೆ 20 ಡಾಲರು ಹೆಚ್ಚು ಕೊಟ್ಟು ಬದಲಿಸಿಕೊಂಡೆವು. ಈಗ ಬುಕ್ ಮಾಡುವಾಗ ನಾನು ನೋಡುವುದು ನಾಲ್ಕು: ಕಿಟಕಿ, ಲಿಫ್ಟು, ರೂಮಿನಲ್ಲಿ ಎಷ್ಟು ಜನಕ್ಕೆ ಅನುಮತಿ, ಯಾವ ದಿನದವರೆಗೆ ರದ್ದು ಮಾಡಿದರೆ ಹಣ ವಾಪಸು. ನಕ್ಷತ್ರಗಳ ಸಂಖ್ಯೆ ಆಮೇಲೆ.

ಗೆದ್ದದ್ದೂ ಉಂಟು. ಹಡಗಿನ ಮುಂಚಿನ ರಾತ್ರಿಗಳನ್ನೂ ನಂತರದ ರಾತ್ರಿಯನ್ನೂ ಒಂದೇ ಹೋಟೆಲಿನಲ್ಲಿ ಇಟ್ಟುಕೊಂಡೆವು. ದೊಡ್ಡ ಸೂಟ್‌ಕೇಸುಗಳನ್ನು ಅವರೇ ಹಣವಿಲ್ಲದೆ ಇರಿಸಿಕೊಂಡರು. ನಾವು ಕೈಚೀಲ ಹಿಡಿದು ಮೆಟ್ರೊದಲ್ಲೇ ಬಂದರಿಗೆ ಹೋದೆವು. ಹಡಗು ಬೆಳಿಗ್ಗೆ ಬಂದು ನಿಂತರೂ ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ. ಆ ಹೊತ್ತನ್ನು ಬೊಟಾನಿಕ್ ಗಾರ್ಡನ್ಸ್‌ನ ಮರಗಳ ಕೆಳಗೆ ಕಳೆದೆವು, ಪ್ರವೇಶ ಉಚಿತ. ಹೋಗುವಾಗ ರಾತ್ರಿ ವಿಮಾನ ಒಂದೆರಡು ಸಾವಿರ ಅಗ್ಗವಿತ್ತು. ಬೆಳಗಿನ ಜಾವ ಇಳಿದು ಮೂರು ಗಂಟೆಯವರೆಗೆ ಅತ್ತೆಯನ್ನು ಲಾಬಿಯಲ್ಲಿ ಕೂರಿಸುವುದು ಬೇಡವೆಂದು ಹಗಲಿನ ವಿಮಾನ ಹಿಡಿದೆವು.

ಬಂದರುಗಳಲ್ಲಿ ಹಡಗಿನವರೇ ಸುತ್ತಾಟದ ಟಿಕೆಟ್ ಮಾರುತ್ತಾರೆ. ಕೊಳ್ಳಬೇಕೋ ಬೇಡವೋ ಎಂಬುದು ಬಂದರು ಊರಿಗೆ ಎಷ್ಟು ಹತ್ತಿರ ಎಂಬುದರ ಮೇಲೆ. ಪೋರ್ಟ್ ಕ್ಲಾಂಗಿನಿಂದ ಕೌಲಾಲಂಪುರ ನಲವತ್ತು ಕಿಲೋಮೀಟರಿಗೂ ದೂರ. ಸ್ವಂತವಾಗಿ ಹೋಗಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುವುದಿಲ್ಲ. ನಾವು ಇಳಿಯಲೇ ಇಲ್ಲ, ಅರ್ಧ ಖಾಲಿಯಾದ ಹಡಗಿನ ಈಜುಕೊಳದಲ್ಲಿ ಮಕ್ಕಳು ದಿನವಿಡೀ ಬಿದ್ದುಕೊಂಡಿದ್ದರು. ಪಿನಾಂಗಿನಲ್ಲಿ ಸ್ವೆಟನ್‌ಹ್ಯಾಮ್ ಪಿಯರ್ ಇಳಿದರೆ ಜಾರ್ಜ್‌ಟೌನಿನೊಳಗೇ ಇರುತ್ತೀರಿ. 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಆ ಹಳೇ ಪೇಟೆಯನ್ನು ಸುತ್ತುವ ಉಚಿತ ಬಸ್ಸೇ ಇದೆ. ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ ಗುಡಿಗೆ ನಡೆದು ಹೋಗಿ ಹಣ್ಣುಕಾಯಿ ಮಾಡಿಸಿದೆವು. ಆ ದಿನದ ಖರ್ಚು ಐವರಿಗೂ ಸೇರಿ ಸಾವಿರ ರೂಪಾಯಿ ಮುಟ್ಟಲಿಲ್ಲ.

ಹೊರಡುವ ಕಾಲವನ್ನೂ ಆರಿಸಿಕೊಂಡಿದ್ದೆವು. ಸಿಂಗಾಪುರದ ಶಾಲೆಗಳ ದೊಡ್ಡ ರಜೆ ಜೂನಿನಲ್ಲಿ, ಮತ್ತೆ ನವೆಂಬರ್ ಕೊನೆಯಿಂದ ಡಿಸೆಂಬರ್ ಪೂರ್ತಿ. ಆಗ ಹಡಗುಗಳು ತುಂಬುತ್ತವೆ. 2024ರಲ್ಲಿ ಅಲ್ಲಿನ ಕಾರ್ ರೇಸಿನ ವಾರ ಸೆಪ್ಟೆಂಬರಿನಲ್ಲಿತ್ತು, ಅಕ್ಟೋಬರ್ ಮೊದಲ ವಾರ ಚೀನಾದ ರಜೆ. ನಮ್ಮ ದಸರಾ ರಜೆ ಆ ವರ್ಷ ಇವುಗಳ ಸಂದಿನಲ್ಲಿ ಬಿತ್ತು. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12. ಜಂಬೂಸವಾರಿ ನೋಡಿ, ಆ ರಾತ್ರಿಯೇ ಮೈಸೂರಿನಿಂದ ವಿಮಾನ ನಿಲ್ದಾಣದ ಫ್ಲೈಬಸ್ ಹತ್ತಿದೆವು. ಸೆರಂಗೂನ್ ರಸ್ತೆಯಲ್ಲಿ ದೀಪಾವಳಿಯ ತೋರಣದೀಪಗಳು ಆಗಲೇ ಹತ್ತಿದ್ದವು.

ಕೊನೆಯದಾಗಿ ಎರಡು ಕಾಗದದ ಮಾತು. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಬಹಳಷ್ಟು ಬ್ಯಾಂಕುಗಳು ಶೇ. 3.5 ಹೆಚ್ಚುವರಿ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಹೋಟೆಲಿನ 92,000ಕ್ಕೆ ಅದೇ 3,800 ಆಗುತ್ತಿತ್ತು, ಅದಕ್ಕೇ ಫೋರೆಕ್ಸ್ ಕಾರ್ಡ್ ಬಳಸಿದೆವು. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡವೆಂದು ಅಲ್ಲಿನ ಡಾಲರನ್ನೇ ಒತ್ತಬೇಕು. ಅವರ ರೂಪಾಯಿ ದರ ಯಾವಾಗಲೂ ದುಬಾರಿ. ಇನ್ನೊಂದು ಟಿಸಿಎಸ್. ವಿಮಾನ ಮತ್ತು ಹಡಗನ್ನು ಪ್ಯಾಕೇಜಾಗಿ ಕೊಂಡದ್ದರಿಂದ 2,60,000ಕ್ಕೆ ಆಗಿನ ದರದಂತೆ ಶೇ. 5, ಅಂದರೆ 13,000 ಹಿಡಿದರು. ಇದು ಖರ್ಚಲ್ಲ, ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಮುಂಗಡವಾಗಿ ಕಟ್ಟಿದ ತೆರಿಗೆ. ರಿಟರ್ನ್ ಸಲ್ಲಿಸುವವರ ಪ್ಯಾನ್ ಕೊಡಿ, ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಅದು ಕಾಣಿಸಿದೆಯೇ ನೋಡಿ. ನಾನು ನನ್ನದನ್ನೇ ಕೊಟ್ಟಿದ್ದೆ.

ಆ 13,000 ನನ್ನ ಖಾತೆಗೆ ಮರಳಿದ್ದು 2025ರ ಆಗಸ್ಟಿನಲ್ಲಿ. ಅತ್ತೆಗೆ ಹೇಳಿದೆ. "ಹಾಗಾದ್ರೆ ಅದನ್ನೇ ಮೊದಲ ಕಂತು ಮಾಡಿ ಇನ್ನೊಂದು ಆರ್‌ಡಿ ಹಾಕಮ್ಮ. ಲಕ್ಷದ್ವೀಪಕ್ಕೆ ಪಾಸ್‌ಪೋರ್ಟ್ ಬೇಡವಂತಲ್ಲ" ಎಂದರು. ಪಾಸ್‌ಪೋರ್ಟ್ ಬೇಡ, ಪ್ರವೇಶದ ಪರವಾನಗಿ ಬೇಕು. ಹಡಗು ಹೊರಡುವುದು ಕೊಚ್ಚಿಯಿಂದ. ಹೊಸ ಹಾಳೆಯ ಮೇಲೆ ನಾನು ಮೊದಲು ಬರೆದಿಟ್ಟಿರುವುದು ಕೊಚ್ಚಿಯಲ್ಲಿ ಹಡಗಿನ ಹಿಂದಿನ ರಾತ್ರಿ ತಂಗುವ ರೂಮಿನ ಖರ್ಚು.