ಆಲೂಗಡ್ಡೆ: ತಿನ್ನೋಣವೋ, ಬಿಡೋಣವೋ?

ಕಳೆದ ವರ್ಷದ ತಪಾಸಣೆಯಲ್ಲಿ ನನ್ನ ಎ1ಸಿ 5.9 ಎಂದು ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತ ಹಾಗೆ. "ಕಾರ್ಬ್ ಕಡಿಮೆ ಮಾಡಿ" ಎಂದಷ್ಟೇ ಡಾಕ್ಟರ್ ಹೇಳಿದರು. ಮನೆಗೆ ಬಂದವನೇ ಮೊದಲು ಮಾಡಿದ ಕೆಲಸ, ಆಲೂಗಡ್ಡೆ ಚೀಲವನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದ್ದು! ನಮ್ಮಪ್ಪನಿಗೆ ಐವತ್ತಕ್ಕೇ ಸಕ್ಕರೆ ಕಾಯಿಲೆ ಬಂದು, ಕೊನೆಯ ವರ್ಷಗಳಲ್ಲಿ ಪೇಪರ್ ಓದಲಾಗದಷ್ಟು ಕಣ್ಣು ಮಂಜಾಗಿತ್ತು. ಅದನ್ನು ಹತ್ತಿರದಿಂದ ಕಂಡವನಿಗೆ ಹೆದರಿಕೆಯಾಗದೆ ಇರುತ್ತದೆಯೇ?

ಆಗ ಊರಿಂದ ಬಂದಿದ್ದ ಅಮ್ಮ ಒಂದೇ ಪ್ರಶ್ನೆ ಕೇಳಿದರು. "ಅಲ್ಲಪ್ಪಾ, ಆಲೂಗಡ್ಡೆ ಬಿಟ್ಟೆ, ಸರಿ. ಮೂರು ಸಲ ಅನ್ನ ಹಾಕಿಸ್ಕೋತೀಯಲ್ಲ, ಅದು?"

ನನ್ನಲ್ಲಿ ಉತ್ತರವಿರಲಿಲ್ಲ. ಪ್ರೋಗ್ರಾಮ್ ಕೆಟ್ಟಾಗ ಕಣ್ಣಿಗೆ ಬಿದ್ದ ಮೊದಲ ಸಾಲನ್ನೇ ಅಳಿಸಿಬಿಡುವವನು ಒಳ್ಳೆಯ ಇಂಜಿನಿಯರ್ ಅಲ್ಲ. ಹಾಗಾಗಿ ಕೂತು ಓದತೊಡಗಿದೆ. ನಾನು ಡಾಕ್ಟರಲ್ಲ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ, ಅಷ್ಟೇ.

ಎಲ್ಲಿಂದ ಬಂತು?

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಇದನ್ನು ಬೆಳೆಯುತ್ತಿದ್ದಾರೆ. ಸ್ಪೇನಿನವರು 16ನೇ ಶತಮಾನದಲ್ಲಿ ಯುರೋಪಿಗೆ ಒಯ್ದರು. ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಕರಾವಳಿಯವರ ಬಾಯಲ್ಲಿ ಇಂದಿಗೂ ಅದು 'ಬಟಾಟೆ'. ನಾನು ಹಾಸನದ ಕಡೆಯವನು. ಮುಂಗಾರಿನ ಮೊದಲ ಮಳೆಗೆ ಬಿತ್ತನೆ ಗಡ್ಡೆ ಹೊತ್ತ ಲಾರಿಗಳು ಪಂಜಾಬಿನ ಜಲಂಧರ್‌ನಿಂದ ಬರುತ್ತಿದ್ದುದು ಚಿಕ್ಕಂದಿನಿಂದ ಕಂಡ ನೋಟ.

ಅಂಕಿ ಅಂಶ ಏನು ಹೇಳುತ್ತದೆ?

100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 87 ಕ್ಯಾಲೊರಿ, 20 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, 28 ಗ್ರಾಂ ಕಾರ್ಬೋಹೈಡ್ರೇಟ್. ಆಲೂಗಡ್ಡೆಯಲ್ಲಿ ಸುಮಾರು 380 ಮಿಲಿಗ್ರಾಂ ಪೊಟ್ಯಾಸಿಯಮ್ ಇದೆ, ಸ್ವಲ್ಪ ವಿಟಮಿನ್ ಸಿ ಕೂಡ ಇದೆ. ಕೊಬ್ಬು ಇಲ್ಲವೇ ಇಲ್ಲ ಎನ್ನಬಹುದು. ಆದರೆ ಅದೇ ಗಡ್ಡೆ ಫ್ರೆಂಚ್ ಫ್ರೈಸ್ ಆದಾಗ 100 ಗ್ರಾಂಗೆ 300 ಕ್ಯಾಲೊರಿ ದಾಟುತ್ತದೆ. ಚಿಪ್ಸ್ ಆದಾಗ 500 ದಾಟುತ್ತದೆ. ಗಡ್ಡೆ ಅದೇ, ಬಾಣಲೆ ಬೇರೆ!

ಹೊಟ್ಟೆ ತುಂಬಿಸುವುದರಲ್ಲಂತೂ ಇದು ಶೂರ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಆಹಾರಗಳನ್ನು ಒಂದೇ ಕ್ಯಾಲೊರಿಯ ಪ್ರಮಾಣದಲ್ಲಿ ಕೊಟ್ಟು ಹೋಲಿಸಿದಾಗ, ಬೇಯಿಸಿದ ಆಲೂಗಡ್ಡೆಯೇ ಮೊದಲ ಸ್ಥಾನ ಪಡೆಯಿತು.

ಹಾಗಾದರೆ ದೋಷವೇ ಇಲ್ಲವೇ? ಇದೆ. ಬಿಸಿ ಬಿಸಿ ಬೇಯಿಸಿದ ಆಲೂಗಡ್ಡೆ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಬಿಳಿ ಅನ್ನವೂ ಹಾಗೆಯೇ. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಜನರ ಆಹಾರವನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದದ್ದು. ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈಸ್ ತಿನ್ನುವುದರ ಜೊತೆ ಟೈಪ್ 2 ಮಧುಮೇಹದ ಅಪಾಯ ಶೇ. 20ರಷ್ಟು ಹೆಚ್ಚಿರುವುದು ಕಂಡುಬಂತು. ಬೇಯಿಸಿದ, ಸುಟ್ಟ ಆಲೂಗಡ್ಡೆಯಲ್ಲಿ ಅಂಥ ಗಮನಾರ್ಹ ಸಂಬಂಧ ಕಾಣಲಿಲ್ಲ. ಆಲೂಗಡ್ಡೆ ಬದಲು ಇಡೀ ಧಾನ್ಯ ತಿಂದರೆ ಅಪಾಯ ಕಡಿಮೆ. ಬಿಳಿ ಅನ್ನ ತಿಂದರೆ ಹೆಚ್ಚು! ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೂ ಅಮ್ಮನ ಪ್ರಶ್ನೆ ಎಷ್ಟು ಸರಿಯಾಗಿತ್ತು ನೋಡಿ.

ಹೇಗೆ ಮಾಡಬೇಕು?

1. ಸಿಪ್ಪೆ ಸಮೇತ ಚೆನ್ನಾಗಿ ತೊಳೆದು ಬೇಯಿಸಿ. ನಾರಿನಂಶ ಉಳಿಯುತ್ತದೆ.

2. ಬೇಯಿಸಿ ತಣ್ಣಗಾಗಿಸಿ. ತಣಿದಾಗ ಪಿಷ್ಟದ ಒಂದು ಪಾಲು ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಸಕ್ಕರೆ ಸ್ವಲ್ಪ ನಿಧಾನವಾಗಿ ಏರುತ್ತದೆ. ಬೆಂದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

3. ಒಂಟಿಯಾಗಿ ತಿನ್ನಬೇಡಿ. ಬೇಳೆ, ಕಾಳು, ಸೊಪ್ಪು, ಮೊಸರಿನ ಜೊತೆ ತಿನ್ನಿ, ನಿಂಬೆರಸ ಹಿಂಡಿ.

4. ಒಬ್ಬರಿಗೆ ಒಂದು ಮುಷ್ಟಿ ಗಾತ್ರದ ಗಡ್ಡೆ ಸಾಕು. ಆಲೂಗಡ್ಡೆ ಪಲ್ಯವನ್ನು ತರಕಾರಿ ಎಂದು ಲೆಕ್ಕ ಹಾಕಬೇಡಿ, ಅನ್ನದ ಲೆಕ್ಕಕ್ಕೆ ಸೇರಿಸಿ. ಪಲ್ಯ ಇದ್ದ ದಿನ ಅನ್ನ ಅರ್ಧವಾಗಲಿ.

5. ಹಸಿ ಗಡ್ಡೆಯನ್ನು ಫ್ರಿಜ್‌ನಲ್ಲಿಡದೆ ಕತ್ತಲಿರುವ ತಂಪು ಜಾಗದಲ್ಲಿಡಿ. ಫ್ರಿಜ್‌ನಲ್ಲಿಟ್ಟದ್ದನ್ನು ಕರಿದರೆ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚಾಗಬಹುದು. ಕರಿಯಲೇಬೇಕಾದರೆ ಹೋಳುಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಹೊಂಬಣ್ಣಕ್ಕೇ ತೆಗೆಯಿರಿ.

6. ಹಸಿರಾದ, ಕಹಿಯಾದ, ತುಂಬ ಮೊಳಕೆ ಬಂದ ಗಡ್ಡೆಯನ್ನು ಎಸೆಯಿರಿ. ಅದರಲ್ಲಿರುವ ಸೊಲನಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ.

ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಮ್ ಅಪಾಯಕಾರಿಯಾಗಬಹುದು. ಅವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ನಮ್ಮ ಮನೆಯ ಮೊಸರು ಬಜ್ಜಿ (ನಾಲ್ವರಿಗೆ)

ಮಧ್ಯಮ ಗಾತ್ರದ 3 ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ರಾತ್ರಿ ಫ್ರಿಜ್‌ನಲ್ಲಿಡಿ. ಮರುದಿನ ಹೋಳು ಮಾಡಿ, 2 ಕಪ್ ಗಟ್ಟಿ ಮೊಸರು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು ಸೇರಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಅಷ್ಟೇ!

ಕೊನೆಯ ಮಾತು

ಆರು ತಿಂಗಳ ನಂತರ ನನ್ನ ಎ1ಸಿ 5.7ಕ್ಕೆ ಇಳಿಯಿತು. ಹೊಸ್ತಿಲು ಇನ್ನೂ ದಾಟಿ ಹಿಂದೆ ಬಂದಿಲ್ಲ. ಇಳಿದ ಶ್ರೇಯಸ್ಸು ಆಲೂಗಡ್ಡೆಯದಲ್ಲ. ಅರ್ಧವಾದ ಅನ್ನದ್ದು, ಊಟದ ನಂತರದ ಅರ್ಧ ಗಂಟೆ ನಡಿಗೆಯದ್ದು. ಗಡೀಪಾರಾಗಿದ್ದ ಚೀಲ ಮಾತ್ರ ಅಡುಗೆಮನೆಗೆ ಮರಳಿದೆ. ಭಾನುವಾರ ಮಗಳ ಮಸಾಲೆ ದೋಸೆಯೊಳಗೆ ಪಲ್ಯವೂ ಮರಳಿದೆ. ಅಪ್ಪನ ಕಾಲದಲ್ಲಿ ನಮಗೆ ಇದನ್ನೆಲ್ಲ ಹೇಳುವವರಿರಲಿಲ್ಲ. ನಮ್ಮ ಮಕ್ಕಳಿಗೆ ಹೇಳಲು ನಾವಿದ್ದೇವೆ. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಆಮೇಲೆ ಬಡಪಾಯಿ ಗಡ್ಡೆಯನ್ನು ಬೈಯುವ ಮೊದಲು ತಟ್ಟೆಯನ್ನೊಮ್ಮೆ ಪೂರ್ತಿ ನೋಡಿ.